ಚಿತ್ರಕ್ಕೂ ಒಂದು ನೆಲೆ ಬೇಕು

ಬರಹದೊಡನೆ ಚಿತ್ರವನ್ನು ಸೇರಿಸುವುದು ಪುಟದ ಅಲಂಕಾರಕ್ಕಾಗಿ ಮಾತ್ರ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಮತ. ಹೃದಯದ ರಚನೆಯನ್ನೋ ತ್ರಿಭುಜದ ಲಕ್ಷಣವನ್ನೋ ವಿವರಿಸುವಾಗ ಚಿತ್ರವು ವಾಕ್ಯದಷ್ಟೇ ಮುಖ್ಯವಾದ ಮಾತನ್ನಾಡುತ್ತದೆ. ವಾಕ್ಯಕ್ಕೆ ವ್ಯಾಕರಣವಿರುವಂತೆ ಚಿತ್ರದ ಜೋಡಣೆಗೂ ನಿಯಮವಿರಬೇಕು.

ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಪ್ರಬಂಧದಲ್ಲಿ ಮೇಲೆ ನಾಲ್ಕು ಸಾಲು ಸೇರಿಸಿದೊಡನೆ ಬರಹವು ಕೆಳಗೆ ಸರಿದು, ಚಿತ್ರವೊಂದೇ ಹಿಂದುಳಿಯುವುದುಂಟು. ಇದು ಯಂತ್ರದ ದೋಷವಲ್ಲ. ಲಿಬ್ರೆಆಫೀಸ್ ರೈಟರಿನಲ್ಲಿ ಪ್ರತಿಯೊಂದು ಚಿತ್ರಕ್ಕೂ ‘ಆಂಕರ್’, ಅಂದರೆ ಲಂಗರು, ಇರುತ್ತದೆ. ಅದನ್ನು ಪುಟಕ್ಕೆ ಕಟ್ಟಿದರೆ ಚಿತ್ರವು ಆ ಪುಟದಲ್ಲಿಯೇ ನಿಲ್ಲುತ್ತದೆ. ಅಕ್ಷರದಂತೆ ಸಾಲಿನೊಳಗೆ ಇರಿಸಿದರೆ ಬರಹದೊಡನೆ ಚಲಿಸುತ್ತದೆ. ಪಾಠದ ಬರಹಕ್ಕೆ ಎರಡನೆಯದೇ ಯೋಗ್ಯ.

ಚಿತ್ರದ ಪಕ್ಕದಲ್ಲಿ ಬರಹವನ್ನು ಹರಿಯಬಿಡುವುದು ಇಂಗ್ಲಿಷ್ ಪುಟದಲ್ಲಿ ಸೊಗಸಾಗಿ ಕಾಣಬಹುದು. ಸಂಧಿ ಸಮಾಸಗಳಿಂದ ಬೆಳೆದ ನಮ್ಮ ನೀಳ ಪದಗಳಾದರೋ ಆ ಇಕ್ಕಟ್ಟಿನಲ್ಲಿ ಹಿಡಿಸುವುದಿಲ್ಲ. ಸಾಲಿನ ಎರಡೂ ತುದಿಗಳನ್ನು ಸಮಗೊಳಿಸಿದರೆ ಪದಗಳ ನಡುವೆ ದೊಡ್ಡ ಬಿರುಕುಗಳು ಬೀಳುತ್ತವೆ. ಆದುದರಿಂದ ಕನ್ನಡ ಪುಟದಲ್ಲಿ ಚಿತ್ರಕ್ಕೆ ಪ್ರತ್ಯೇಕ ಸಾಲನ್ನೇ ಕೊಡುವುದು ಲೇಸು.

ಅಳತೆಯಲ್ಲಿಯೂ ಎಚ್ಚರ ಬೇಕು. ಎ೪ ಹಾಳೆಯ ಅಗಲ ೨೧೦ ಮಿಲಿಮೀಟರು. ಎರಡು ಪಕ್ಕಗಳಲ್ಲಿಯೂ ೨೫ ಮಿಲಿಮೀಟರು ಅಂಚು ಬಿಟ್ಟರೆ ಉಳಿಯುವುದು ೧೬೦. ಚಿತ್ರವನ್ನು ಇದರೊಳಗೆ ಹಿಡಿಸಲು ಅಗಲವನ್ನಷ್ಟೇ ಕುಗ್ಗಿಸಿದರೆ ವೃತ್ತವು ಅಂಡಾಕಾರವಾಗುತ್ತದೆ. ಸಮಬಾಹು ತ್ರಿಭುಜದ ೬೦ ಡಿಗ್ರಿಯ ಕೋನಗಳು ಕೆಡುತ್ತವೆ. ಅಂಥ ಚಿತ್ರ ಅಂದಗೆಟ್ಟದ್ದು ಮಾತ್ರವಲ್ಲ, ಸುಳ್ಳು ಕೂಡ. ಉದ್ದ ಅಗಲಗಳೆರಡನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಬೇಕು. ಇನ್ನು, ಚಿತ್ರವನ್ನು ಕಡತದೊಳಗೇ ಅಡಕಗೊಳಿಸದೆ ಬರಿಯ ಕೊಂಡಿಯಿಂದ ಜೋಡಿಸಿದರೆ, ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅದು ಕಾಣದೆ ಹೋಗಬಹುದು.

ವಿಷಯ ಸರಿಯಿದ್ದರೆ ಸಾಲದೆ, ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕನ್ನಡ ನಾಡಿನಿಂದ ದೂರವಿರುವ ನಮ್ಮ ಕಿರಿಯರಿಗೆ, ಪಠ್ಯಪುಸ್ತಕದ ಹೊರಗೆ, ಕನ್ನಡದಲ್ಲಿ ಬರೆದ ವಿಜ್ಞಾನ ದೊರೆಯುವುದೇ ಅಪರೂಪ. ದೊರೆತ ಬರಹದಲ್ಲಿಯೂ ಮಾತೊಂದು ಕಡೆ, ಚಿತ್ರವೊಂದು ಕಡೆ ಇದ್ದರೆ, ಕನ್ನಡದಲ್ಲಿ ವಿಜ್ಞಾನ ಕಠಿಣವೆಂದೇ ಅವರು ಬಗೆದಾರು. ತಪ್ಪು ಜೋಡಣೆಯದು, ಅಪವಾದ ಭಾಷೆಗೆ!

ವಿದ್ಯಾರ್ಥಿ ಮಿತ್ರರೇ, ಪ್ರಬಂಧವನ್ನು ಗುರುಗಳಿಗೆ ಒಪ್ಪಿಸುವ ಮುನ್ನ ಅಕ್ಷರದೋಷಗಳನ್ನು ತಿದ್ದುವಂತೆ ಚಿತ್ರಗಳ ನೆಲೆಯನ್ನೂ ಅಳತೆಯನ್ನೂ ಒಮ್ಮೆ ಪರೀಕ್ಷಿಸೋಣ. ಓದುಗನ ಕಣ್ಣಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ ಅದು.