ಸ್ಟೆಂಟ್ ಸರ್ಕಾರದ್ದು, ಮಾತ್ರೆ ಯಾರದು?

ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ, ಕೇಂದ್ರದ ಯೋಜನೆಯಡಿ ಅಗ್ಗದ ದರಕ್ಕೆ ಔಷಧಿ ಮಾರುವ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಔಷಧಿಯನ್ನು ಉಚಿತವಾಗಿ ಕೊಡಬೇಕಾದ ಜಾಗದಲ್ಲಿ ಮಾರಾಟದ ಅಂಗಡಿ ಏಕೆ ಎಂಬುದು ಅದರ ವಾದ. ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ವಿಷಯ ಕೇಂದ್ರ–ರಾಜ್ಯಗಳ ಜಗಳವಾಯಿತು. ಹೃದ್ರೋಗಿಯ ತಿಂಗಳ ಖರ್ಚಿನ ಮಾತು ಆ ಗದ್ದಲದಲ್ಲಿ ಮುಳುಗಿತು.

ಸರ್ಕಾರದ ತತ್ವ ಸರಿ. ಹಿಡಿದ ದಾರಿ ತಪ್ಪು. ಎದೆನೋವು ಬಂದ ದಿನಕ್ಕೆ ನಮ್ಮಲ್ಲಿ ತಕ್ಕಮಟ್ಟಿಗೆ ಆಸರೆ ಇದೆ. 2017ರ ಬೆಲೆ ಮಿತಿಯಿಂದಾಗಿ, ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟ್ ಆಗ ಸುಮಾರು ಮೂವತ್ತು ಸಾವಿರಕ್ಕೆ ಇಳಿಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೇ ತಂದಿದೆ. ಇವೆಲ್ಲ ಜೀವ ಉಳಿಸಿವೆ, ಒಪ್ಪೋಣ.

ಉಳಿದ ಜೀವ ನಡೆಯಬೇಕಲ್ಲ? ಆಯುಷ್ಮಾನ್ ಪ್ಯಾಕೇಜು ಡಿಸ್ಚಾರ್ಜ್ ಆದ ಮೇಲೆ 15 ದಿನಗಳ ಔಷಧಿಗೆ ನಿಲ್ಲುತ್ತದೆ. ಆಸ್ಪಿರಿನ್, ಅಟೊರ್ವಸ್ಟಾಟಿನ್ ಸಾಮಾನ್ಯವಾಗಿ ಬದುಕಿರುವಷ್ಟು ಕಾಲ ಬೇಕು. ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ. ಜೊತೆಗೆ ಬಿಪಿ, ಶುಗರಿನ ಮಾತ್ರೆ, ಎಕೋ, ರಕ್ತಪರೀಕ್ಷೆ. ಕಾರವಾರದ ಕಡೆಯವರಾದರೆ ತಪಾಸಣೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಜೊತೆಗೆ ಬರುವವರ ಕೂಲಿಯೂ ಹೋಯಿತು. ಮೂಟೆ ಹೊರುತ್ತಿದ್ದ ಹಮಾಲಿಗೆ ಭಾರ ಎತ್ತಬೇಡ ಎನ್ನುತ್ತಾರೆ ವೈದ್ಯರು. ಸಂಪಾದನೆ ನಿಂತ ಮನೆಯಲ್ಲೇ ಹೊಸ ಖರ್ಚು ಶುರುವಾಗುತ್ತದೆ.

ಆಗ ಜನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಇದನ್ನು ಅಸಡ್ಡೆ ಎಂದು ಬೈಯುವುದು ಅನ್ಯಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅವಧಿಗೆ ಮುನ್ನ ನಿಂತರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮತ್ತೆ ಆಘಾತವಾಗಬಹುದು. ಮಾತ್ರೆಗೆ ಹಣ ಬಿಚ್ಚದ ವ್ಯವಸ್ಥೆ ಆಮೇಲೆ ಎರಡನೆಯ ಸ್ಟೆಂಟಿಗೆ ಕೊಡುತ್ತದೆ!

ಉಚಿತ ಔಷಧಿಯ ಮಾತು ನಿಜವಾಗಬೇಕಿದ್ದರೆ ಈ ನಾಲ್ಕೈದು ಮಾತ್ರೆಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಇರಬೇಕು. ವಾರಕ್ಕೊಮ್ಮೆ ಅಲೆಸದೆ ಎರಡು ತಿಂಗಳಿನದನ್ನು ಒಟ್ಟಿಗೆ ಕೊಡಬೇಕು. ದಾಸ್ತಾನು ಎಷ್ಟಿದೆಯೆಂದು ಬಾಗಿಲಲ್ಲೇ ಬರೆದು ಹಾಕಬೇಕು. "ಹೊರಗಡೆ ತಗೊಳ್ಳಿ" ಎಂದು ಚೀಟಿ ಬರೆದರೆ, ಆ ಚೀಟಿಯ ದುಡ್ಡನ್ನು ಸರ್ಕಾರವೇ ಭರಿಸಬೇಕು. ಇಷ್ಟು ಮಾಡಿ ತೋರಿಸುವವರೆಗೆ ಜನೌಷಧಿಯ ಬಾಗಿಲು ಮುಚ್ಚಿಸುವ ನೈತಿಕ ಹಕ್ಕು ಆರೋಗ್ಯ ಇಲಾಖೆಗಿಲ್ಲ.