ಮದುವೆ ಕರೆಯೋಲೆ ಹೆಸರಿನ ಎಪಿಕೆ ಫೈಲ್: ಒಳಗೆ ಏನಿರುತ್ತದೆ?

“ಎಪಿಕೆ ಫೈಲ್ ಫೋನಿಗೆ ಇಳಿದರೆ ಸಾಕು, ಬ್ಯಾಂಕ್ ಖಾತೆ ಖಾಲಿ” ಎಂಬ ಎಚ್ಚರಿಕೆ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಇದು ಅರ್ಧ ಸತ್ಯ. ಆದರೆ ಅಪಾಯ ಸುಳ್ಳಲ್ಲ. ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳ ಬಗ್ಗೆ ಹಿಮಾಚಲ ಪ್ರದೇಶದ ಪೊಲೀಸರು 2024ರ ನವೆಂಬರ್‌ನಲ್ಲೇ ಎಚ್ಚರಿಸಿದ್ದರು. ಈಗ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಿಗೂ ಕರೆಯೋಲೆ ವಾಟ್ಸಾಪ್‌ನಲ್ಲಿ ಬರುತ್ತದೆ. ಹಾಗಾಗಿ ಈ ಫೈಲ್ ಏನೆಂದು ತಿಳಿದಿರುವುದು ಒಳ್ಳೆಯದು.

ಎಪಿಕೆ ಎಂದರೇನು?

ಅದು ಚಿತ್ರವಲ್ಲ, ಪಿಡಿಎಫ್ ಅಲ್ಲ. ಆ್ಯಂಡ್ರಾಯ್ಡ್ ಆ್ಯಪ್ ಒಂದರ ಇಡೀ ಗಂಟು. ಆ್ಯಪ್‌ನ ಕೋಡ್, ಚಿತ್ರಗಳು, ಅದು ಕೇಳಬಹುದಾದ ಅನುಮತಿಗಳ ಪಟ್ಟಿ ಎಲ್ಲವೂ ಅದರೊಳಗಿರುತ್ತವೆ. ಗಂಟು ಕಟ್ಟುವ ವಿಧಾನ ಮಾತ್ರ ನಮಗೆ ಪರಿಚಿತವಾದ ಜಿಪ್.

ಜಿಪ್ ಅನ್ನೇ ಏಕೆ ಆರಿಸಿದರು?

1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ಜಿಪ್ ರೂಪಿಸಿ, ಅದರ ವಿವರವನ್ನು ಎಲ್ಲರಿಗೂ ಮುಕ್ತವಾಗಿಟ್ಟರು. ಜಿಪ್‌ನ ಕೊನೆಯಲ್ಲಿ ಒಳಗಿರುವ ಫೈಲುಗಳ ಪಟ್ಟಿ ಇರುತ್ತದೆ. ಇಡೀ ಗಂಟು ಬಿಚ್ಚದೆ ಬೇಕಾದ ಒಂದನ್ನೇ ತೆಗೆಯಬಹುದು. ಯುನಿಕ್ಸ್ ಕಾಲದ ಟಾರ್ ಗಂಟನ್ನು ಕುಗ್ಗಿಸಿಟ್ಟರೆ ಮೊದಲಿನಿಂದಲೇ ಬಿಚ್ಚುತ್ತ ಹೋಗಬೇಕು.

ಹೀಗಾಗಿ 1997ರ ಜಾವಾ 1.1ರಲ್ಲಿ ಲೈಬ್ರರಿಗಳನ್ನು, ಅಂದರೆ ಬೇರೆಯವರೂ ಬಳಸಲೆಂದು ಬರೆದಿಟ್ಟ ಕೋಡನ್ನು, ಹಂಚಲು ಜಿಪ್ ಆಧಾರಿತ ಜಾರ್ ಫೈಲ್ ಬಂತು. ಆ್ಯಂಡ್ರಾಯ್ಡ್ ಅದೇ ದಾರಿ ಹಿಡಿಯಿತು. ಪೈಥಾನ್‌ನ ವೀಲ್ ಫೈಲ್ ಕೂಡ ಜಿಪ್, ಇಂದಿನ ವರ್ಡ್ ಫೈಲ್ ಕೂಡ ಜಿಪ್.

ಗದಗ ಎಪಿಎಂಸಿಗೆ ಮಾಲು ಒಂದೇ ಬಗೆಯ ಚೀಲದಲ್ಲಿ ಬಂದರೆ ತೂಗುವವರಿಗೂ ಹಮಾಲರಿಗೂ ಅನುಕೂಲ. ಆದರೆ ಚೀಲ ನೋಡಿ ಯಾರೂ ದರ ಕಟ್ಟುವುದಿಲ್ಲ, ಕೈ ಹಾಕಿ ಮಾಲು ನೋಡುತ್ತಾರೆ. ಇಲ್ಲೂ ಅಷ್ಟೇ.

ಡಿಜಿಟಲ್ ಸಹಿ ಇದ್ದರೆ ಸುರಕ್ಷಿತವೇ?

ಇಲ್ಲ. ಪ್ರತಿ ಎಪಿಕೆಗೂ ಸಹಿ ಬೇಕೇ ಬೇಕು, ಆದರೆ ಅದನ್ನು ಯಾರು ಬೇಕಾದರೂ ಸ್ವತಃ ತಯಾರಿಸಿಕೊಳ್ಳಬಹುದು. ಗಂಟು ಕಟ್ಟಿದ ಮೇಲೆ ಯಾರೂ ಬದಲಾಯಿಸಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕಟ್ಟಿದವರು ಪ್ರಾಮಾಣಿಕರೋ ವಂಚಕರೋ ಎಂದು ಹೇಳುವುದಿಲ್ಲ.

ಹಾಗಾದರೆ ಹಣ ಹೋಗುವುದು ಹೇಗೆ?

ಸಾಮಾನ್ಯವಾಗಿ ಫೈಲ್ ಇಳಿದ ಮಾತ್ರಕ್ಕೆ ಅಲ್ಲ. ನಾವು ಅದನ್ನು ಒತ್ತಿ, ಅಪರಿಚಿತ ಮೂಲದಿಂದ ಇನ್‌ಸ್ಟಾಲ್ ಮಾಡಲು ಒಪ್ಪಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟಾಗ. ಆಮೇಲೆ ಬ್ಯಾಂಕಿನ ಓಟಿಪಿ ವಂಚಕರ ಕೈಗೂ ಸಿಗುತ್ತದೆ.

ಏನು ಮಾಡಬೇಕು?

• ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ನಡುವೆ ಪಿಡಿಎಫ್ ಎಂದಿದ್ದರೂ ಕೊನೆಯಲ್ಲಿ ಎಪಿಕೆ ಇದ್ದರೆ ಅದು ಆ್ಯಪ್. ಕರೆಯೋಲೆಗೆ ಆ್ಯಪ್ ಬೇಕಿಲ್ಲ.
• ಪರಿಚಯದವರ ನಂಬರಿನಿಂದ ಬಂದಿದ್ದರೂ ಫೋನ್ ಮಾಡಿ ಕೇಳಿ. ಅವರ ವಾಟ್ಸಾಪ್ ಬೇರೆಯವರ ಕೈಯಲ್ಲಿರಬಹುದು.
• ಆಗಲೇ ಇನ್‌ಸ್ಟಾಲ್ ಮಾಡಿದ್ದರೆ ಇಂಟರ್‌ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಎಚ್ಚರಿಕೆಗೆಂದು ಕೂಡ ಆ ಫೈಲನ್ನು ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಈ ಮಾಹಿತಿಯನ್ನಷ್ಟೇ ಕಳಿಸಿ.