ತೂತು ಕೊರೆಸೋ ಮುಂಚೆ...

ಮೊನ್ನೆ ಶನಿವಾರ ಇಲ್ಲಿ ಟೆಕ್ಸಾಸಿನ ಶೂಟಿಂಗ್ ರೇಂಜಿಗೆ ಗೆಳೆಯನ ಜೊತೆ ಹೋಗಿದ್ದೆ. ಅವನ ಹೊಸ ಎಆರ್-15 ಎರಡು ಗುಂಡಿಗೊಮ್ಮೆ ಮುಷ್ಕರ ಹೂಡುತ್ತಿತ್ತು. ಖಾಲಿ ತೋಟಾ ಹೊರಗೆ ಬೀಳುತ್ತೆ, ಹೊಸದು ಒಳಗೆ ಹೋಗಲ್ಲ. ನಾನೋ ಕೊಡಗಿನವ, ನೋಡಿ ಬೆಳೆದದ್ದು ಜೋಡಿ ನಳಿಗೆ ಕೋವಿ. ಅದರಲ್ಲಿ ಈ ರಗಳೆಯೇ ಇಲ್ಲ!

ಇದರಲ್ಲಿ ಗುಂಡು ಹಾರಿದಾಗ ನಳಿಗೆಯ ಸಣ್ಣ ತೂತಿನಿಂದ ಸ್ವಲ್ಪ ಗ್ಯಾಸ್ ಹಿಂದಕ್ಕೆ ಬಂದು ಬೋಲ್ಟನ್ನು ತಳ್ಳಬೇಕು. ಖಾಲಿ ತೋಟಾ ಹೊರಗೆ ಎಸೆದ ಬೋಲ್ಟನ್ನು ಸ್ಪ್ರಿಂಗ್ ಮುಂದಕ್ಕೆ ದೂಡುವಾಗ ಹೊಸದು ಒಳಗೆ ಹೋಗುತ್ತೆ. ಬೋಲ್ಟ್ ಪೂರ್ತಿ ಹಿಂದೆ ಬರದಿದ್ದರೆ ಕಥೆ ಮುಗೀತು.

ಗೆಳೆಯನ ತೀರ್ಪು ಆಗಲೇ ಸಿದ್ಧವಿತ್ತು: "ಗ್ಯಾಸ್ ಸಾಲ್ತಿಲ್ಲ, ತೂತು ದೊಡ್ಡದು ಮಾಡಿಸ್ತೀನಿ." ನನ್ನ ತಕರಾರು ಇಲ್ಲೇ. ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡೋಕಾಗಲ್ಲ ಸ್ವಾಮಿ! ಮೊದಲು ಪುಕ್ಕಟೆ ಪರೀಕ್ಷೆ ಮಾಡಿ. ಮ್ಯಾಗಜಿನ್‌ಗೆ ಒಂದೇ ತೋಟಾ ತುಂಬಿ ಹೊಡೆಯಿರಿ. ಬೋಲ್ಟ್ ಹಿಂದೆಯೇ ನಿಂತರೆ ಗ್ಯಾಸ್ ಸಾಕಾಗಿದೆ ಎಂದರ್ಥ. ನಿಲ್ಲದಿದ್ದರೆ ಬೇರೆ ಮ್ಯಾಗಜಿನ್ ಹಾಕಿ ನೋಡಿ. ಆಮೇಲೆ ರೈಫಲ್ ಖಾಲಿ ಮಾಡಿ, ಚೇಂಬರ್ ಎರಡು ಸಲ ನೋಡಿ, ಬೋಲ್ಟಿಗೆ ಎಣ್ಣೆ ಹಚ್ಚಿ, ಅದರ ಮೇಲಿನ ಗ್ಯಾಸ್ ಕೀ ಸ್ಕ್ರೂಗಳು ಸಡಿಲವೇ ನೋಡಿ. ಕೊನೆಗೆ ಬೇರೆ ತೋಟಾ. ಒಂದು ಸಲಕ್ಕೆ ಒಂದೇ ಬದಲಾವಣೆ. ಸಾಫ್ಟ್‌ವೇರಿನಲ್ಲಿ ಬಗ್ ಹುಡುಕುವ ಗೆಳೆಯರಿಗೆ ಇದನ್ನು ಹೇಳಬೇಕೇ?

ನಮ್ಮ ಕೇಸಿನಲ್ಲಿ ಮ್ಯಾಗಜಿನ್ ಬದಲಿಸಿದರೂ ಆಗಲಿಲ್ಲ. ಸ್ಕ್ರೂಗಳು ಬಿಗಿಯಾಗಿಯೇ ಇದ್ದವು. ಒಣಗಿದ್ದ ಬೋಲ್ಟಿಗೆ ಎಣ್ಣೆ ಬಿದ್ದ ಮೇಲೆ ಅರ್ಧ ಸುಧಾರಿಸಿತು. ಅಗ್ಗದ ತೋಟಾ ಬಿಟ್ಟು ಬೇರೆ ಹಾಕಿದ ಮೇಲೆ ಒಂದೂ ನಿಲ್ಲಲಿಲ್ಲ.

ಇದು ಬರೀ ಶನಿವಾರದ ಮೋಜಿನ ಮಾತಲ್ಲ. ಇದೇ ವಂಶದ ಎಂ16 ವಿಯೆಟ್ನಾಂ ಯುದ್ಧದಲ್ಲಿ ಪದೇಪದೇ ಕೈಕೊಟ್ಟಿತ್ತು. 1964ರಲ್ಲಿ ತೋಟಾದೊಳಗಿನ ಮದ್ದನ್ನೇ ಬದಲಿಸಿದ್ದರು. ಅದರಿಂದ ಬೋಲ್ಟಿನ ಓಟದ ವೇಗ ಹೆಚ್ಚಾಯಿತು, ಮಸಿಯೂ ಹೆಚ್ಚಾಯಿತು. ಚೇಂಬರಿಗೆ ಕ್ರೋಮ್ ಲೇಪನ ಇರಲಿಲ್ಲ, ಶುಚಿ ಮಾಡುವ ಸಾಮಾನು ಸಾಕಷ್ಟು ಕೊಟ್ಟಿರಲಿಲ್ಲ. ಬೈಗುಳ ಮಾತ್ರ "ಸರಿಯಾಗಿ ಕ್ಲೀನ್ ಮಾಡಲ್ಲ" ಅಂತ ಸೈನಿಕರಿಗೆ! ಸಿಕ್ಕಿಕೊಂಡ ತೋಟಾ ಕೀಳಲಾಗದೆ ಹುಡುಗರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಇಕಾರ್ಡ್ ಉಪಸಮಿತಿ ವಿಚಾರಿಸಿದಾಗ ಮುಖ್ಯ ತಪ್ಪು ಮದ್ದು ಬದಲಿಸಿದ್ದರಲ್ಲಿ ಕಂಡಿತು.

ಅದಕ್ಕೇ ಹೇಳೋದು, ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ, ಹೊಡೆಯುವವನನ್ನು ಬೈಯುವ ಮುಂಚೆ, ಏನು ಬದಲಾಗಿದೆ ಅಂತ ಕೇಳಿ. ನೀವೇನಂತೀರಿ?